‘ಅಕ್ಕ, ಸಾರಿನ ಪುಡಿ ಮುಗೀತು’

ಅವಳ ಫೋನಿನಲ್ಲಿ ನನ್ನ ಹೆಸರು ‘ಸಾರಿನ ಪುಡಿ ಆಂಟಿ’. ಮೂವತ್ತೊಂಬತ್ತಕ್ಕೇ ಆಂಟಿ ಆಗಿಬಿಟ್ಟೆನಲ್ಲ ಅಂತ ಮೊದಲ ದಿನ ಸ್ವಲ್ಪ ಬೇಜಾರಾಯ್ತು. ಆದರೆ ಅದು ನಾವಿಬ್ಬರೂ ಕೂತು ಯೋಚನೆ ಮಾಡಿ ಇಟ್ಟ ಹೆಸರು. ಗಂಡ ಫೋನ್ ತೆಗೆದು ನೋಡಿದರೆ, ಊರಿಂದ ಪುಡಿ, ಉಪ್ಪಿನಕಾಯಿ ತರಿಸಿ ಮಾರುವ ಯಾರೋ ಹೆಂಗಸು ಅಂದುಕೊಳ್ಳಬೇಕು. ‘ಸಾರಿನ ಪುಡಿ ಬೇಕಿತ್ತು’ ಅಂದರೆ ಬಿಡುವಾದಾಗ ಮಾತಾಡಬೇಕು ಅಂತ. ‘ಸಾರಿನ ಪುಡಿ ಮುಗೀತು’ ಅಂದರೆ ಈಗಲೇ 911ಕ್ಕೆ ಫೋನ್ ಮಾಡಿ ನನ್ನ ವಿಳಾಸ ಕೊಡಿ ಅಂತ.

ನಾನಿರೋದು ಕೆನಡಾದಲ್ಲಿ, ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲಿ. ವಾರವೆಲ್ಲ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಶನಿವಾರ ಮಧ್ಯಾಹ್ನ, ಮತ್ತೆ ವಾರದ ಎರಡು ಸಂಜೆ ಇನ್ನೊಂದು ಕೆಲಸ. ಗಂಡನ ಅಥವಾ ಸಂಗಾತಿಯ ಹಿಂಸೆಯಿಂದ ಹೊರಬರಲು ನೋಡುತ್ತಿರುವ, ಈ ದೇಶಕ್ಕೆ ಹೊಸದಾಗಿ ಬಂದಿರುವ ಹೆಂಗಸರ ಜೊತೆ ಇರೋದು. ಸಂಸ್ಥೆಯವರು ಇದನ್ನು ಮೆಂಟರಿಂಗ್ ಅನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಚಿಕ್ಕದು. ಬಸ್ ಹತ್ತೋದು ಹೇಗೆ, ಬ್ಯಾಂಕಿನಲ್ಲಿ ಬರೀ ತನ್ನ ಹೆಸರಲ್ಲಿ ಖಾತೆ ತೆರೆಯೋದು ಹೇಗೆ, ವಕೀಲರ ಆಫೀಸಿನ ಹೊರಗೆ ಕುರ್ಚಿ ಮೇಲೆ ಕೂತಾಗ ಪಕ್ಕದ ಕುರ್ಚಿ ಖಾಲಿ ಇರದ ಹಾಗೆ ನೋಡಿಕೊಳ್ಳೋದು ಹೇಗೆ, ಇಷ್ಟೇ. ನಾವು ವಕೀಲರಲ್ಲ, ಕೌನ್ಸೆಲರ್‌ಗಳೂ ಅಲ್ಲ. ನಮ್ಮಲ್ಲಿ ಹೆಚ್ಚಿನವರು ಅದೇ ಬಾಗಿಲಿನಿಂದ ಮೊದಲೇ ಹೊರಗೆ ಬಂದವರು.

ಇದನ್ನು ಬರೆಯುವ ಮೊದಲು ಅವಳಿಗೆ ಓದಿ ಹೇಳಿದ್ದೇನೆ. ಹೆಸರು, ಊರು, ಗಂಡನ ಕೆಲಸ ಏನೂ ಇಲ್ಲಿಲ್ಲ. ಕೆಲವು ವಿವರ ಬೇಕೆಂದೇ ಬದಲಿಸಿದ್ದೇನೆ. ‘ಸಾರಿನ ಪುಡಿ ಮಾತ್ರ ಹಾಗೇ ಇರ್ಲಿ ಅಕ್ಕ’ ಅಂದಳು.

ನನ್ನ ಎರಡು ವರ್ಷದ ಲೆಕ್ಕ

ನಾನು ಮದುವೆಯಾಗಿ ಇಲ್ಲಿಗೆ ಬಂದದ್ದು 2013ರ ಫೆಬ್ರವರಿಯಲ್ಲಿ. ದಾವಣಗೆರೆಯ ಬಿಸಿಲಿಂದ ಪಿಯರ್ಸನ್ ಏರ್‌ಪೋರ್ಟಿನ ಹಿಮಕ್ಕೆ. ಆಗ ಇಲ್ಲಿ ಒಂದು ನಿಯಮವಿತ್ತು. 2012ರ ಅಕ್ಟೋಬರಿನಲ್ಲಿ ತಂದದ್ದು. ಮದುವೆಯಾಗಿ ಎರಡು ವರ್ಷ ಆಗಿರದ, ಮಕ್ಕಳಿಲ್ಲದ ಜೋಡಿಯಲ್ಲಿ ಒಬ್ಬರು ಇನ್ನೊಬ್ಬರನ್ನು ಸ್ಪಾನ್ಸರ್ ಮಾಡಿ ಕರೆಸಿಕೊಂಡರೆ, ಬಂದವರು ಎರಡು ವರ್ಷ ಜೊತೆಗೇ ಬಾಳಬೇಕು. ಇಲ್ಲದಿದ್ದರೆ ಪಿಆರ್ ಹೋಗಬಹುದು. ಸುಳ್ಳು ಮದುವೆ ತಡೆಯೋಕೆ ಅಂತ ಮಾಡಿದ ನಿಯಮ. ಜಾತಕ ನೋಡಿ, ಮೂರು ತಿಂಗಳಲ್ಲಿ ಛತ್ರ ಬುಕ್ ಮಾಡಿ ಆಗುವ ನಮ್ಮ ಮದುವೆಗಳೆಲ್ಲ ಸರಿಯಾಗಿ ಅದರ ಬಾಯಿಗೇ ಬೀಳುತ್ತಿದ್ದವು.

ಮೊದಲ ಸಲ ಕೈ ಎತ್ತಿದ ರಾತ್ರಿಯೇ ಆತ ಹೇಳಿದ್ದು: ‘ಎರಡು ವರ್ಷ ಆಗೋವರೆಗೂ ಬಾಯಿ ಮುಚ್ಕೊಂಡಿರು. ಒಂದು ಲೆಟರ್ ಬರೆದ್ರೆ ವಾಪಸ್ ದಾವಣಗೆರೆ.’ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನಾನು ದಿನ ಗೀಟು ಹಾಕುತ್ತಿದ್ದೆ. ಏಕಾದಶಿ, ಅಮಾವಾಸ್ಯೆ ನೋಡೋಕೆ ಅಮ್ಮ ಕಳಿಸಿದ್ದ ಕ್ಯಾಲೆಂಡರ್ ಅದು.

ಹಿಂಸೆ ಅನುಭವಿಸಿದವರಿಗೆ ಆ ನಿಯಮದಿಂದ ವಿನಾಯಿತಿ ಇತ್ತು. ಆಗಲೂ ಇತ್ತು. ನನಗೆ ಯಾರೂ ಹೇಳಲಿಲ್ಲ. ಹದಿನಾಲ್ಕು ತಿಂಗಳು ನಾನು ಸುಮ್ಮನೆ ಕಳೆದದ್ದು ಒಂದು ಮಾಹಿತಿ ಗೊತ್ತಿಲ್ಲದೆ. 2017ರ ಏಪ್ರಿಲಿನಲ್ಲಿ ಸರ್ಕಾರ ಆ ನಿಯಮವನ್ನೇ ತೆಗೆದುಹಾಕಿತು. ಸುದ್ದಿ ಓದಿದ ದಿನ ನನಗೆ ಖುಷಿಗಿಂತ ಸಿಟ್ಟೇ ಜಾಸ್ತಿ ಬಂತು.

ನನ್ನನ್ನು ಹೊರಗೆ ಕರೆತಂದವರು ನಮ್ಮ ಬಿಲ್ಡಿಂಗಿನ ಲಾಂಡ್ರಿ ರೂಮಿನಲ್ಲಿ ಸಿಗುತ್ತಿದ್ದ ಒಬ್ಬ ಜಾಫ್ನಾ ತಮಿಳು ಅಕ್ಕ. ಅವರಿಗೆ ಕನ್ನಡ ಬರದು, ನನ್ನ ತಮಿಳು ಸಿನಿಮಾ ನೋಡಿ ಕಲಿತದ್ದು. ನನ್ನ ಕುತ್ತಿಗೆ ನೋಡಿದರು, ಏನೂ ಕೇಳಲಿಲ್ಲ. ಮುಂದಿನ ವಾರ ಬಟ್ಟೆ ಮಡಿಸುತ್ತಾ ನನ್ನ ಕೈಗೆ ಎರಡು ಟಿಟಿಸಿ ಟೋಕನ್ ಇಟ್ಟು, ಯಾವ ಬಸ್ಸು, ಯಾವ ಸ್ಟಾಪು ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಬಸ್ಸಿಗೆ ಇಷ್ಟು ಚಿಕ್ಕ ನಾಣ್ಯವಾ ಅಂತ ಆಶ್ಚರ್ಯವಾಗಿತ್ತು. ಆ ಟೋಕನ್‌ಗಳು ಈಗ ಚಲಾವಣೆಯಲ್ಲಿಲ್ಲ. ಒಂದನ್ನು ಬಳಸಿದೆ, ಇನ್ನೊಂದು ಇವತ್ತಿಗೂ ನನ್ನ ಪರ್ಸಿನಲ್ಲಿದೆ.

‘ರೇಷಿಯಲೈಸ್ಡ್’ ಅಂದ್ರೆ ನಾವೇನಾ?

2019ರಲ್ಲಿ ಸ್ವಯಂಸೇವಕಿಯಾಗಿ ಸೇರಿದಾಗ ಕೊಟ್ಟ ಅರ್ಜಿಯಲ್ಲಿ ‘ರೇಷಿಯಲೈಸ್ಡ್’ ಅನ್ನುವ ಪದ ಮೂರು ಕಡೆ ಇತ್ತು. ಇದಕ್ಕೆ ಕನ್ನಡದಲ್ಲಿ ಒಂದೇ ಪದ ಹುಡುಕಿ ಸೋತಿದ್ದೇನೆ. ಮೈಬಣ್ಣ, ಹುಟ್ಟಿದ ಮೂಲ ನೋಡಿ ಸಮಾಜ ಯಾರನ್ನು ‘ಬೇರೆಯವರು’ ಅಂತ ಮಾಡುತ್ತದೋ ಅವರು. ದಾವಣಗೆರೆಯಲ್ಲಿ ನಾನು ಇಂಥವರ ಮಗಳು, ಇಂಥ ಬೀದಿಯವಳು. ವಿಮಾನ ಇಳಿದ ಮೇಲೆ ರೇಷಿಯಲೈಸ್ಡ್ ಆದೆ. ತಮಾಷೆ ಅಂದರೆ, ಊರಲ್ಲಿ ಜಾತಿ ಹೆಸರಲ್ಲಿ ಬೇರೆಯವರನ್ನು ಹೊಸ್ತಿಲಾಚೆ ಇಟ್ಟ ಮನೆಗಳವರಿಗೂ ಇಲ್ಲಿ ಅದೇ ಚೀಟಿ. ಅದು ಇನ್ನೊಂದು ಲೇಖನವಾಗಬೇಕಾದ ವಿಷಯ, ಬಿಡಿ.

ಈ ಕೆಲಸದಲ್ಲಿ ಆ ಪದ ಯಾಕೆ ಬೇಕು ಅಂತ ತರಬೇತಿಯ ಎರಡನೇ ವಾರದಲ್ಲೇ ಗೊತ್ತಾಯಿತು. ನಮ್ಮ ಹೆಂಗಸರ ವಿಷಯದಲ್ಲಿ ಹೊಡೆತವೊಂದೇ ಸಮಸ್ಯೆಯಲ್ಲ. ಪೊಲೀಸರು ಬಾಗಿಲಿಗೆ ಬಂದಾಗ ನೀಟಾದ ಇಂಗ್ಲಿಷಿನಲ್ಲಿ ಮಾತಾಡುವವನು ಗಂಡ. ಇಂಜಿನಿಯರಿಂಗ್ ಮಾಡಿದವಳಿಗೂ ಭಯದಲ್ಲಿ ಇಂಗ್ಲಿಷ್ ಬಾಯಿಗೆ ಬರೋದಿಲ್ಲ. ದುಭಾಷಿ ಬೇಕು ಅಂತ ಕೇಳಿದರೆ ಕನ್ನಡದವರು ಎಷ್ಟು ಜನ ಇದ್ದಾರೆ? ಬಂದವರು ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಪಕ್ಕದ ಸಾಲಿನಲ್ಲಿ ಕೂತಿದ್ದವರೇ ಆಗಿದ್ದರೆ? ಚಿಕ್ಕ ಸಮುದಾಯದಲ್ಲಿ ಗುಟ್ಟು ಒಂದು ಪಾಟ್‌ಲಕ್ ಊಟದಿಂದ ಇನ್ನೊಂದು ಪಾಟ್‌ಲಕ್ ಊಟದವರೆಗೂ ಉಳಿಯೋದಿಲ್ಲ. ಅದಕ್ಕೇ ಎಷ್ಟೋ ಸಲ ನಮ್ಮ ಸಂಸ್ಥೆಯಲ್ಲಿ ಕನ್ನಡದವಳಿಗೆ ಬೇಕೆಂದೇ ತೆಲುಗಿನ, ಹಿಂದಿಯ ಮೆಂಟರನ್ನು ಕೊಡುತ್ತಾರೆ. ಇವಳು ಮಾತ್ರ ಕನ್ನಡವೇ ಬೇಕು ಅಂದಳು. ‘ಬೈಗುಳನೆಲ್ಲ ಇಂಗ್ಲಿಷಲ್ಲಿ ಹೇಳಿದ್ರೆ ಅದು ಬೈಗುಳ ಅನ್ಸಲ್ಲ’ ಅಂತ ಕಾರಣ ಕೊಟ್ಟಳಂತೆ.

ಇನ್ನೊಂದು ಮಾತು. ‘ನಿಮ್ಮ ಸಂಸ್ಕೃತಿಯಲ್ಲಿ ಇದೆಲ್ಲ ಮಾಮೂಲಾ?’ ಅಂತ ಸಹೋದ್ಯೋಗಿಗಳು ಕೇಳಿದ್ದಾರೆ. ಕೆಟ್ಟ ಮನಸ್ಸಿನಿಂದಲ್ಲ. ನಾನು ಅವರಿಗೆ ರೆನ್‌ಫ್ರೂ ಕೌಂಟಿಯ ಹೆಸರು ಹೇಳುತ್ತೇನೆ. ಇದೇ ಒಂಟಾರಿಯೊದ ಹಳ್ಳಿಗಾಡು. ಅಲ್ಲಿ 2015ರ ಸೆಪ್ಟೆಂಬರಿನ ಒಂದೇ ಬೆಳಿಗ್ಗೆ ಮೂವರು ಹೆಂಗಸರನ್ನು, ಮೂವರಿಗೂ ಪರಿಚಯವಿದ್ದ ಒಬ್ಬನೇ ಗಂಡಸು ಕೊಂದ. 2022ರ ವಿಚಾರಣೆಯಲ್ಲಿ ಜ್ಯೂರಿ 86 ಶಿಫಾರಸು ಕೊಟ್ಟಿತು, ಮೊದಲನೆಯದೇ ಸಂಗಾತಿ ಹಿಂಸೆಯನ್ನು ಸಾಂಕ್ರಾಮಿಕ ಅಂತ ಘೋಷಿಸಿ ಅನ್ನುವುದು. ಮರುವರ್ಷ ಟೊರಾಂಟೊ ನಗರ, ನಾನಿರುವ ಪೀಲ್ ಪ್ರದೇಶ ಎರಡೂ ಹಾಗೆ ಘೋಷಿಸಿದವು. ಆ ಮೂವರಲ್ಲಿ ಯಾರೂ ನಮ್ಮ ‘ಸಂಸ್ಕೃತಿ’ಯವರಲ್ಲ.

ನಾನು ಮಾಡಿದ ತಪ್ಪು

ಅವಳು ಬಂದದ್ದು ಗಂಡನ ವರ್ಕ್ ಪರ್ಮಿಟ್ ಜೊತೆ ಸಿಗುವ ಓಪನ್ ವರ್ಕ್ ಪರ್ಮಿಟ್‌ನಲ್ಲಿ. ಪಿಆರ್ ಅರ್ಜಿಯಲ್ಲೂ ಅವನೇ ಮುಖ್ಯ, ಇವಳು ಅವನ ಹೆಂಡತಿ ಅಂತ ಸೇರಿಸಿದ್ದು. ಅಂದರೆ ಬೇರೆಯಾದ ದಿನ ಆ ಅರ್ಜಿಯಲ್ಲಿ ಅವಳ ಜಾಗ ಇರೋದಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೊಡೆತ ಕಡಿಮೆ, ಲೆಕ್ಕ ಜಾಸ್ತಿ. ತರಕಾರಿ ಬಿಲ್ ಫೋಟೋ ಕಳಿಸಬೇಕು. ಲೊಕೇಶನ್ ಯಾವಾಗಲೂ ಆನ್ ಇರಬೇಕು. ಅಮ್ಮನ ಹತ್ತಿರ ಮಾತಾಡಿದರೆ ಸ್ಪೀಕರಿನಲ್ಲೇ. ಪಾಸ್‌ಪೋರ್ಟ್ ಅವನ ಆಫೀಸ್ ಬ್ಯಾಗಿನಲ್ಲಿ. ‘ಇದು ಹಿಂಸೆ ಅನ್ನಿಸ್ಕೊಳ್ಳುತ್ತಾ ಅಕ್ಕ? ಮೂಳೆ ಏನೂ ಮುರಿದಿಲ್ವಲ್ಲ’ ಅಂತ ಮೊದಲ ಭೇಟಿಯಲ್ಲೇ ಕೇಳಿದಳು. ಲೈಬ್ರರಿಯ ಮಕ್ಕಳ ವಿಭಾಗದಲ್ಲಿ, ಪುಟ್ಟ ಕುರ್ಚಿಗಳ ಮೇಲೆ ಕೂತಿದ್ದೆವು. ಅನ್ನಿಸಿಕೊಳ್ಳುತ್ತದೆ. ಇಲ್ಲಿನ ವಿಚ್ಛೇದನ ಕಾಯ್ದೆಗೆ 2021ರ ಮಾರ್ಚಿನಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಹೆದರಿಸಿ ಹತೋಟಿಯಲ್ಲಿಡುವುದು, ಹಣಕಾಸಿನ ಹಿಂಸೆ, ಎರಡೂ ಕೌಟುಂಬಿಕ ಹಿಂಸೆಯ ವ್ಯಾಖ್ಯೆಯೊಳಗಿವೆ. ನಮ್ಮ ದೇಶದ 2005ರ ಕಾಯ್ದೆಯಲ್ಲಂತೂ ಮಾತಿನ ಹಿಂಸೆ, ಆರ್ಥಿಕ ಹಿಂಸೆ ಆಗಿನಿಂದಲೇ ಇದೆ.

ಮೂರನೇ ತಿಂಗಳಲ್ಲಿ ನಾನು ತಪ್ಪು ಮಾಡಿದೆ. ಆಗಿನ್ನೂ ಸಾರಿನ ಪುಡಿಯ ಏರ್ಪಾಟು ಇರಲಿಲ್ಲ. ಮೊದಲು ನೀನೇ ಮೆಸೇಜ್ ಮಾಡಬೇಡ, ಅವಳು ಮಾಡಲಿ ಅನ್ನೋದು ತರಬೇತಿಯ ಮೊದಲ ಪಾಠ. ವಾರವಾದರೂ ಸುದ್ದಿ ಇಲ್ಲ ಅಂತ ಚಡಪಡಿಸಿ ಒಂದು ರಾತ್ರಿ ವಾಟ್ಸಾಪ್‌ನಲ್ಲಿ ಬರೆದೆ: ‘ಹೇಗಿದ್ದೀರಾ? ಲಾಯರ್ ಹತ್ರ ಮಾತಾಡಿದ್ರಾ?’ ಅವಳ ವಾಟ್ಸಾಪ್ ಮನೆಯ ಲ್ಯಾಪ್‌ಟಾಪಿನಲ್ಲೂ ತೆರೆದಿತ್ತು. ಲ್ಯಾಪ್‌ಟಾಪ್ ಅವನ ತೊಡೆಯ ಮೇಲಿತ್ತು.

ಆಮೇಲೆ ಹನ್ನೊಂದು ದಿನ ಏನೂ ಇಲ್ಲ. ಒಂದೇ ಟಿಕ್. ನಾನು ಆಫೀಸಿನಲ್ಲಿ ಮೀಟಿಂಗ್ ಮಧ್ಯೆ ಎದ್ದು ಬಾತ್‌ರೂಮಿಗೆ ಹೋಗಿ ಅಳುತ್ತಿದ್ದೆ. ಸಂಸ್ಥೆಯ ಮೇಲ್ವಿಚಾರಕಿಗೆ ಆ ರಾತ್ರಿಯೇ ಹೇಳಿದ್ದೆ, ಅದೊಂದನ್ನು ಸರಿಯಾಗಿ ಮಾಡಿದ್ದೆ. ‘ಅವರ ಮನೆಗೆ ಹೋಗ್ಲಾ?’ ಅಂದೆ. ‘ಖಂಡಿತಾ ಬೇಡ. ನಿನ್ನ ಸಮಾಧಾನಕ್ಕೆ ಅವಳು ಬೆಲೆ ಕೊಡೋ ಹಾಗಾಗುತ್ತೆ’ ಅಂದರು. ಹನ್ನೆರಡನೇ ದಿನ ಗೊತ್ತಿಲ್ಲದ ನಂಬರಿನಿಂದ ಫೋನು. ಪಕ್ಕದ ಅಪಾರ್ಟ್‌ಮೆಂಟಿನ ಪಂಜಾಬಿ ಆಂಟಿಯ ಫೋನಿನಿಂದ ಅವಳು. ‘ಬದುಕಿದ್ದೀನಿ. ನೀವು ಹೆದರ್ಕೋಬೇಡಿ.’ ನನ್ನ ತಪ್ಪಿಗೆ ಅವಳು ನನಗೆ ಸಮಾಧಾನ ಹೇಳುತ್ತಿದ್ದಳು.

ಕ್ಷಮೆ ಕೇಳಿದೆ. ‘ಬೇರೆ ಮೆಂಟರ್ ಬೇಕಾದ್ರೆ ಹೇಳಿ, ತಪ್ಪಿಲ್ಲ’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಕ್ಕ, ನನ್ನ ನೀನು ಅಂತಾನೇ ಕರೀರಿ. ಈ ಬಹುವಚನ ಕೇಳಿದ್ರೆ ಇಮಿಗ್ರೇಷನ್ ಆಫೀಸಲ್ಲಿ ಕೂತಂಗಿರುತ್ತೆ’ ಅಂದಳು. ಅವತ್ತಿಂದ ಅವಳು ನನಗೆ ‘ನೀನು’, ನಾನು ಅವಳಿಗೆ ‘ಅಕ್ಕ, ನೀವು’.

ಬ್ಯಾಗ್, ಫೋಟೋ, ಗುರುವಾರ

ಆಮೇಲೆ ಎಲ್ಲ ನಿಧಾನ. ಲೈಬ್ರರಿಯ ಕಂಪ್ಯೂಟರಿನಲ್ಲಿ ಹೊಸ ಈಮೇಲ್ ಮಾಡಿದೆವು. ಅವನು ಸ್ನಾನಕ್ಕೆ ಹೋದಾಗ ಪಾಸ್‌ಪೋರ್ಟ್, ವರ್ಕ್ ಪರ್ಮಿಟ್, ಮದುವೆ ಸರ್ಟಿಫಿಕೇಟಿನ ಫೋಟೋ ತೆಗೆದು, ಅದಕ್ಕೆ ಕಳಿಸಿ, ಫೋನಿನಿಂದ ಅಳಿಸಿದಳು. ಒಂದು ಜೊತೆ ಬಟ್ಟೆ, ಚಳಿಗಾಲದ ಬೂಟು, ಥೈರಾಯ್ಡ್ ಮಾತ್ರೆ ಪಂಜಾಬಿ ಆಂಟಿಯ ಮನೆಯ ಕ್ಲೋಸೆಟ್ ಸೇರಿತು. ಲೊಕೇಶನ್ ಆಫ್ ಮಾಡಲಿಲ್ಲ. ಇದು ಮುಖ್ಯ. ಇದ್ದಕ್ಕಿದ್ದಂತೆ ಆಫ್ ಮಾಡಿದರೆ ಅದೇ ಅನುಮಾನಕ್ಕೆ ದಾರಿ. ಹೊರಡುವ ದಿನ ಫೋನನ್ನೇ ಮನೆಯಲ್ಲಿ ಬಿಡೋದು ಅಂತ ನಿರ್ಧಾರವಾಯಿತು.

ಇಷ್ಟೆಲ್ಲ ಯಾಕೆ, ಸೀದಾ ಎದ್ದು ಬರಬಾರದಾ ಅಂತ ನೀವು ಕೇಳಬಹುದು. ಹಿಂಸೆ ಅತ್ಯಂತ ಅಪಾಯಕಾರಿಯಾಗೋದು ಹೆಂಡತಿ ಬಿಟ್ಟುಹೋಗುವ ಸಮಯದಲ್ಲೇ, ಮತ್ತು ಹೋದ ಸ್ವಲ್ಪ ದಿನದಲ್ಲಿ. ಹಾಗಾಗಿ ‘ಬಿಟ್ಟು ಬಂದ್ಬಿಡು’ ಅಂತ ನಾವು ಯಾವತ್ತೂ ಹೇಳೋದಿಲ್ಲ. ‘ಹೊಂದ್ಕೊಂಡು ಹೋಗು’ ಅಂತಲೂ ಹೇಳೋದಿಲ್ಲ. ಎರಡೂ ಬೇರೆಯವರ ತೀರ್ಮಾನಗಳೇ.

ಪೊಲೀಸರ ವಿಷಯವೂ ಹಾಗೆ. ಒಂಟಾರಿಯೊದಲ್ಲಿ ದಾಳಿ ನಡೆದಿದೆ ಅಂತ ನಂಬಲು ಆಧಾರವಿದ್ದರೆ ಪೊಲೀಸರು ಕೇಸು ಹಾಕಲೇಬೇಕು. ಹೆಂಡತಿ ‘ವಾಪಸ್ ತಗೋತೀನಿ’ ಅಂದರೆ ನಡೆಯೋದಿಲ್ಲ, ಅದು ಸರ್ಕಾರಿ ವಕೀಲರ ಕೈಯಲ್ಲಿ. ಕೆಲವರಿಗೆ ಇದೇ ರಕ್ಷಣೆ, ಕೆಲವರಿಗೆ ಇದೇ ಭಯ. ತನ್ನನ್ನು ಕಾಪಾಡಿಕೊಳ್ಳಲು ತಳ್ಳಿದ ಹೆಂಗಸಿನ ಮೇಲೂ ಕೇಸಾದ ಉದಾಹರಣೆಗಳಿವೆ. ಇದನ್ನೆಲ್ಲ ಮುಚ್ಚಿಡದೆ ಹೇಳಬೇಕು. ಜೀವಕ್ಕೆ ಅಪಾಯ ಅನ್ನಿಸಿದ ಕ್ಷಣ ಮಾತ್ರ ಲೆಕ್ಕಾಚಾರ ಬೇಡ, 911.

ಲೀಗಲ್ ಏಡ್ ಒಂಟಾರಿಯೊ ಮೂಲಕ ಹಿಂಸೆಗೊಳಗಾದವರಿಗೆ ವಕೀಲರ ಜೊತೆ ಎರಡು ಗಂಟೆಯ ಉಚಿತ ಸಲಹೆ ಸಿಗುತ್ತದೆ. ಟೊರಾಂಟೊದಲ್ಲಿ ಬಾರ್ಬ್ರಾ ಶ್ಲೈಫರ್ ಹೆಸರಿನ ಕ್ಲಿನಿಕ್ ಇದೆ. 1980ರಲ್ಲಿ, ವಕೀಲೆಯಾಗಿ ಪ್ರಮಾಣ ಸ್ವೀಕರಿಸಿದ ರಾತ್ರಿಯೇ ಕೊಲೆಯಾದ ಹುಡುಗಿಯ ನೆನಪಿನಲ್ಲಿ 1985ರಲ್ಲಿ ಶುರುವಾದದ್ದು. ಕಾನೂನು, ಕೌನ್ಸೆಲಿಂಗ್, ದುಭಾಷಿ ಮೂರೂ ಅಲ್ಲಿವೆ. ಇವಳ ವಕೀಲೆ ಹೇಳಿದ ದಾರಿ ಇದು: 2019ರ ಜುಲೈನಿಂದ ಕೆನಡಾದಲ್ಲಿ ಕೌಟುಂಬಿಕ ಹಿಂಸೆಗೆ ಒಳಗಾದವರಿಗೇ ಅಂತ ಒಂದು ತಾತ್ಕಾಲಿಕ ನಿವಾಸ ಪರವಾನಗಿ ಇದೆ. ತನ್ನ ಕಾಗದಪತ್ರ ಹಿಂಸೆ ಕೊಡುವ ಗಂಡನ ಮೇಲೆ ಅವಲಂಬಿಸಿದ್ದರೆ ಕೇಳಬಹುದು. ಕನಿಷ್ಠ ಆರು ತಿಂಗಳದ್ದು, ಮೊದಲ ಸಲಕ್ಕೆ ಶುಲ್ಕವಿಲ್ಲ, ಜೊತೆಗೆ ಕೆಲಸದ ಪರವಾನಗಿಗೂ ಅರ್ಜಿ ಹಾಕಬಹುದು, ಆರೋಗ್ಯ ಸೌಲಭ್ಯವೂ ಉಂಟು. ಅವಳು ಆ ಹಾಳೆಯನ್ನು ಎರಡು ಸಲ ಓದಿಸಿಕೊಂಡಳು. ‘ಇದು ಅವನಿಗೆ ಗೊತ್ತಿರುತ್ತಾ?’ ಅನ್ನೋದು ಅವಳ ಮೊದಲ ಪ್ರಶ್ನೆ.

ಫೆಬ್ರವರಿಯ ಒಂದು ಗುರುವಾರ ಅವನು ಆಫೀಸಿಗೆ ಹೋದ ಇಪ್ಪತ್ತು ನಿಮಿಷಕ್ಕೆ ಅವಳು ಕಸದ ಚೀಲ ಹಿಡಿದು ಕೆಳಗಿಳಿದಳು. ಚೀಲದಲ್ಲಿ ಕಸವೇ ಇತ್ತು. ‘ಯಾರಾದ್ರೂ ನೋಡಿದ್ರೆ ಅಂತ’ ಅಂದಳು ಆಮೇಲೆ. ಪಾಸ್‌ಪೋರ್ಟ್ ಸಿಗಲಿಲ್ಲ. ಫೋಟೋ ಇತ್ತಲ್ಲ.

ಅಮ್ಮನ ಫೋನು

ಶೆಲ್ಟರಿನ ಮೊದಲ ವಾರ ಅವಳಿಗೆ ಅಳು ಬಂದದ್ದು ಗಂಡನನ್ನು ನೆನೆದಲ್ಲ, ಅನ್ನಕ್ಕೆ. ಉದುರುದುರಾದ ಉದ್ದಕ್ಕಿ, ಸಪ್ಪೆ ಬೀನ್ಸು. ಸ್ಟೀಲ್ ಡಬ್ಬಿಯಲ್ಲಿ ಸಾರಿನ ಪುಡಿ ತೆಗೆದುಕೊಂಡು ಹೋಗಿ ಕೊಟ್ಟೆ. ಈ ಸಲ ನಿಜವಾದ ಪುಡಿ. ಸೊಮಾಲಿಯಾದ ರೂಮ್‌ಮೇಟಿಗೂ ಅದು ಹಿಡಿಸಿತಂತೆ.

ಕಷ್ಟದ ಫೋನು ಊರಿನದ್ದು. ಅಳಿಯ ಅಷ್ಟರಲ್ಲೇ ಮಾವನಿಗೆ ಫೋನ್ ಮಾಡಿ ‘ನಿಮ್ಮ ಮಗಳಿಗೆ ತಲೆ ಕೆಟ್ಟಿದೆ’ ಅಂದಿದ್ದ. ಅವಳು ಕೇಳಿಕೊಂಡದ್ದಕ್ಕೆ ನಾನೂ ಲೈನಿನಲ್ಲಿದ್ದೆ. ಅವರಮ್ಮ ನನ್ನನ್ನು ಕೇಳಿದರು: ‘ನೀವು ಯಾರಮ್ಮ? ಮನೆ ಮುರಿಯೋಕೆ ನಿಮಗೆ ಎಷ್ಟು ಕೊಡ್ತಾರೆ?’

‘ಏನೂ ಕೊಡಲ್ಲ ಅಮ್ಮ. ಬಸ್ ಚಾರ್ಜು ಕೊಡ್ತಾರೆ.’

ನಿಜ ಹೇಳಿದ್ದೆ ಅಷ್ಟೇ. ಆದರೆ ಆ ಕಡೆ ಯಾರೋ, ಬಹುಶಃ ಅವರಪ್ಪ, ಸಣ್ಣಗೆ ನಕ್ಕರು. ಆಮೇಲೆ ಅಮ್ಮ ಅತ್ತರು. ಒಂದು ವರ್ಷದಿಂದ ಮಗಳು ಸ್ಪೀಕರಿನಲ್ಲೇ ಯಾಕೆ ಮಾತಾಡುತ್ತಾಳೆ ಅಂತ ಅವರಿಗೂ ಅನುಮಾನವಿತ್ತಂತೆ. ‘ಕೇಳಿದ್ರೆ ಅವಳು ನಿಜ ಹೇಳ್ಬಿಡ್ತಾಳೆ ಅಂತ ಹೆದ್ರಿಕೆ ಆಗಿತ್ತು’ ಅಂದರು. ಅಪ್ಪ ಕೇಳಿದ್ದು ಬೇರೆ: ‘ಇಲ್ಲಿ ಏನಾದ್ರೂ ಮಾಡಬಹುದಾ?’ ಮಗಳು ತವರಿಗೆ ಬಂದು ಆಶ್ರಯ ಪಡೆದರೆ ಅಲ್ಲಿಂದಲೇ ದೂರು ಕೊಡಬಹುದು ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ, 181 ಸಹಾಯವಾಣಿಗೂ ಕೇಳಿ ನೋಡಿ ಅಂದೆ. ಅವರು ನಂಬರ್ ಬರೆದುಕೊಂಡರು. ಆದರೆ ಅವಳು ವಾಪಸ್ ಹೋಗಲಿಲ್ಲ. ಅದು ಅವಳ ಆಯ್ಕೆ.

ಓದುತ್ತಿರುವ ನಿಮ್ಮಲ್ಲಿ ಕೆಲವರಿಗಾದರೂ ಟೊರಾಂಟೊದಲ್ಲೋ ಡಲ್ಲಾಸ್‌ನಲ್ಲೋ ಮೆಲ್ಬರ್ನಿನಲ್ಲೋ ಇಂಥ ಗೆಳತಿ, ಕಸಿನ್ ಇರಬಹುದು. ಮೊದಲು ಅವಳ ಫೋನ್ ಅವಳದ್ದಷ್ಟೇನಾ ಅಂತ ನೋಡಿಕೊಳ್ಳಿ, ನನ್ನ ಹಾಗೆ ಮಾಡಬೇಡಿ. ಹೌದು, ಇಲ್ಲ ಅಂತ ಉತ್ತರಿಸಬಹುದಾದ ಪ್ರಶ್ನೆ ಕೇಳಿ. ವಿಡಿಯೊ ಕಾಲಿನಲ್ಲಿ ಅಂಗೈ ತೋರಿಸಿ, ಹೆಬ್ಬೆರಳು ಒಳಗೆ ಮಡಚಿ, ಉಳಿದ ಬೆರಳುಗಳನ್ನು ಅದರ ಮೇಲೆ ಮುಚ್ಚಿದಳು ಅಂದರೆ ಅದು ಸಹಾಯದ ಸನ್ನೆ. 2020ರ ಲಾಕ್‌ಡೌನಿನಲ್ಲಿ ಕೆನಡಿಯನ್ ವಿಮೆನ್ಸ್ ಫೌಂಡೇಶನ್ ಹೊರತಂದದ್ದು. ಒಂಟಾರಿಯೊದಲ್ಲಿದ್ದರೆ 211ಕ್ಕೆ ಫೋನ್ ಮಾಡಿದರೆ ಹತ್ತಿರದ ಸೇವೆ ಯಾವುದು ಅಂತ ಹೇಳುತ್ತಾರೆ. ಇಲ್ಲಿ ಕೆಲಸಕ್ಕಿರುವವರಿಗೆ ಇನ್ನೊಂದು: ಒಂದೇ ಕಡೆ 13 ವಾರ ಕೆಲಸ ಮಾಡಿದ್ದರೆ, ಹಿಂಸೆಯ ಕಾರಣಕ್ಕೆ ವರ್ಷಕ್ಕೆ 10 ದಿನ, ಮತ್ತೆ 15 ವಾರದವರೆಗೆ ರಜೆ ಕೇಳುವ ಹಕ್ಕಿದೆ. ಮೊದಲ ಐದು ದಿನಕ್ಕೆ ಸಂಬಳವೂ ಉಂಟು. ನನ್ನ ಆಫೀಸಿನಲ್ಲೇ ಇದು ಗೊತ್ತಿದ್ದವರು ಕಡಿಮೆ.

ಅವಳೀಗ ಒಂದು ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದಾಳೆ. ಕಿಟಕಿ ಚಿಕ್ಕದು, ಬಾಡಿಗೆ ದೊಡ್ಡದು. ಔಷಧದಂಗಡಿಯಲ್ಲಿ ಕೆಲಸ. ತಾತ್ಕಾಲಿಕ ಪರವಾನಗಿ ಬಂದಿದೆ, ಕಾಯಂ ಅರ್ಜಿ ಇನ್ನೂ ಬಾಕಿ. ಏನಾಗುತ್ತೋ ಗೊತ್ತಿಲ್ಲ. ಈಗಲೂ ಯಾರಾದರೂ ಜೋರಾಗಿ ಬಾಗಿಲು ಹಾಕಿದರೆ ಬೆಚ್ಚುತ್ತಾಳೆ. ಒಂದೆರಡು ಸಲ ಅವನಿಗೆ ಫೋನ್ ಮಾಡಬೇಕು ಅನ್ನಿಸಿತ್ತು ಅಂತಲೂ ಹೇಳಿದ್ದಾಳೆ. ನಾನು ಬೈಯಲಿಲ್ಲ. ನನಗೂ ಅನ್ನಿಸಿತ್ತು.

ಕಳೆದ ತಿಂಗಳು ರಾತ್ರಿ ಹತ್ತೂವರೆಗೆ ನನ್ನ ಫೋನ್ ಬೆಳಗಿತು. ‘ಅಕ್ಕ, ಸಾರಿನ ಪುಡಿ ಮುಗೀತು.’ ನಾನು ಎದ್ದು ನಿಂತು 9 ಒತ್ತಿಯಾಗಿತ್ತು. ಅಷ್ಟರಲ್ಲಿ ಇನ್ನೊಂದು: ‘ಅಯ್ಯಯ್ಯೋ ಸಾರಿ ಸಾರಿ, ನಿಜವಾಗ್ಲೂ ಮುಗೀತು. ಡಬ್ಬಿ ಖಾಲಿ.’ ಚೆನ್ನಾಗಿ ಬೈದೆ. ಅವಳು ನಗುತ್ತಲೇ ಇದ್ದಳು. ಅಷ್ಟು ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಪದ ಬದಲಾಯಿಸಿದ್ದೇವೆ, ಈಗ ಬೇರೆ ಇದೆ. ಅವರಮ್ಮನಿಗೆ ವಿಸಿಟರ್ ವೀಸಾ ಸಿಕ್ಕಿದೆ, ಮುಂದಿನ ತಿಂಗಳು ಬರುತ್ತಾರೆ. ಎರಡು ಕೆಜಿ ಪುಡಿ ತರ್ತೀನಿ, ಅರ್ಧ ನಿಮಗೆ ಅಂದಿದ್ದಾರೆ. ಕಸ್ಟಮ್ಸ್‌ನಲ್ಲಿ ಬರೆಸಬೇಕು ಅಂತ ಹೇಳಿದ್ದೇನೆ.